ಮಳೆಗೆ ಧರೆ ಕುಸಿಯಿತು ಅಂತ ಬರೆಯೋ ಮುಂಚೆ, ಕಡಿಸಿದ್ದು ಯಾವಾಗ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ,

ಜೂನ್ ಬಂತು ಅಂದ್ರೆ ನಿಮ್ಮ ಪತ್ರಿಕೆಯ ಕರಾವಳಿ ಪುಟದಲ್ಲಿ ಒಂದು ಫೋಟೋ ಗ್ಯಾರಂಟಿ. ಮನೆ ಹಿಂದುಗಡೆ ಕೆಂಪು ಮಣ್ಣಿನ ರಾಶಿ, ಅಡುಗೆಮನೆ ಕಿಟಕಿ ಅರ್ಧ ಮುಚ್ಚಿ ಹೋಗಿದೆ, ಮುಂದೆ ಕೊಡೆ ಹಿಡ್ಕೊಂಡು ಪಂಚಾಯತ್ ಸದಸ್ಯರು, ಗ್ರಾಮ ಆಡಳಿತಾಧಿಕಾರಿ, ಆಚೀಚೆ ಮನೆಯವರು. ಹೆಡ್ಡಿಂಗು ಪ್ರತಿ ವರ್ಷ ಅದೇ, ಭಾರೀ ಮಳೆಗೆ ಧರೆ ಕುಸಿದು ಮನೆಗೆ ಹಾನಿ. ಧರೆ ಅಂದ್ರೆ ನಮ್ಮ ಕಡೆ ಗುಡ್ಡೆ ಕಡಿದಾಗ ಬದಿಯಲ್ಲಿ ಉಳಿಯೋ ಮಣ್ಣಿನ ಗೋಡೆ. ನನ್ನ ತಕರಾರು ಇರೋದು ಇಲ್ಲಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಅದ್ರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ, ನಮ್ಮಜ್ಜನ ಕಾಲದಲ್ಲೂ ಹೀಗೇ ಸುರೀತಿತ್ತು. ಈಗೀಗ ಒಂದೇ ದಿನಕ್ಕೆ ಜಾಸ್ತಿ ಹೊಡೀತದೆ ಅನ್ನೋದು ಒಪ್ಪಿದೆ. ಆದ್ರೆ ಫೋಟೋದಲ್ಲಿ ಕಾಣೋ ಆ ಧರೆಯನ್ನ ಸ್ವಲ್ಪ ಹತ್ರದಿಂದ ನೋಡಿ, ಬಕೆಟಿನ ಹಲ್ಲಿನ ಗೆರೆ ಇನ್ನೂ ಹಾಗೇ ಇರ್ತದೆ. ಮಾರ್ಚಿನಲ್ಲೋ ಏಪ್ರಿಲಿನಲ್ಲೋ ಜೆಸಿಬಿ ತಂದು ನೆಟ್ಟಗೆ ಗೋಡೆ ತರ ಕಡಿಸಿದ ಧರೆ ಅದು. ಕಡಿದದ್ದು ಯಾರು, ಕಡಿಸಿದ್ದು ಯಾರು, ಎಷ್ಟು ಅಡಿ, ಮೇಲಿನ ನೀರಿಗೆ ಎಂತ ವ್ಯವಸ್ಥೆ ಮಾಡಿದ್ರು, ಇದು ಒಂದೂ ವರದಿಯಲ್ಲಿ ಬರೋದಿಲ್ಲ.

ನಾನು ಬೆಳ್ತಂಗಡಿ ಕಡೆಯವ, ಸಿವಿಲ್ ಡಿಪ್ಲೊಮಾ ಮುಗಿಸಿ ಸೈಟ್ ಸೂಪರ್‌ವೈಸರ್ ಆಗಿ ಬಹಳ ಕಾಲ ದುಡಿದು ಈಗ ತೋಟ ನೋಡ್ಕೊಂಡಿದ್ದೇನೆ. ಅಂಗಳ ಅಗಲ ಮಾಡ್ಬೇಕು, ಕಾರು ಒಳಗೆ ಬರೋ ಹಾಗೆ ದಾರಿ ಬೇಕು, ಪಂಚಾಂಗಕ್ಕೆ, ಅಂದ್ರೆ ಮನೆಯ ಅಡಿಪಾಯಕ್ಕೆ, ಜಾಗ ಸಮತಟ್ಟು ಆಗ್ಬೇಕು, ಶೌಚಾಲಯದ ಗುಂಡಿ ತೆಗೀಬೇಕು, ಹೀಗೆ ಮನೆಮಟ್ಟದ ಕೆಲಸಕ್ಕೆ ಮೆಷಿನ್ ತರಿಸೋವಾಗ ನಮ್ಮ ಜನ ಎಂತ ಮಾಡ್ತಾರೆ ಅಂತ ಕಣ್ಣಾರೆ ನೋಡಿದವ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದ ಆಗ್ತದೆ, ಕತ್ತರಿ ಹಾಕೋದಾದ್ರೆ ಮಣ್ಣಿನ ವಿಷಯ ಮಾತ್ರ ಉಳಿಸಿ.

ಮಾಮೂಲಿ ನಡೆಯೋದು ಹೀಗೆ. ಪಕ್ಕದ ಮನೆಗೆ ಬಂದ ಜೆಸಿಬಿಯವನ ನಂಬರ್ ತಗೊಳ್ಳೋದು, ಫೋನ್ ಮಾಡಿ ಗಂಟೆಗೆ ಎಷ್ಟು ಅಂತ ಕೇಳೋದು, ನಮ್ಮ ಕಡೆ ಈಗ ಸಾವಿರದ ಇನ್ನೂರರ ಆಸುಪಾಸು ನಡೀತಾ ಉಂಟು, ಅದ್ರಲ್ಲಿ ಐವತ್ತು ಕಮ್ಮಿ ಮಾಡಿ ಮಾರಾಯ್ರೆ ಅಂತ ಅರ್ಧ ಗಂಟೆ ಚರ್ಚೆ ಮಾಡೋದು, ನಾಳೆ ಬೆಳಿಗ್ಗೆ ಬನ್ನಿ ಅನ್ನೋದು. ಮುಗೀತು, ಅಗ್ರಿಮೆಂಟ್ ಆಯ್ತು. ಬರುವವನಿಗೆ ಜಾಗ ಹೇಗುಂಟು ಗೊತ್ತಿಲ್ಲ, ಕರೆಸಿದವರಿಗೆ ಎಷ್ಟು ಕಡೀಬೇಕು ಅಂತ ಗೊತ್ತಿಲ್ಲ, ಬೆಳಿಗ್ಗೆ ಮೆಷಿನ್ ಅಂಗಳಕ್ಕೆ ಬಂದು ನಿಂತ ಮೇಲೆ, ಎಂಜಿನ್ ಓಡ್ತಿರೋವಾಗಲೇ, ಅಣ್ಣನೂ ತಮ್ಮನೂ ಭಾವನೂ ಸೇರಿ ಎಲ್ಲಿಂದ ಎಲ್ಲಿವರೆಗೆ ಅಂತ ಕೈ ತೋರಿಸೋಕೆ ಶುರು ಮಾಡ್ತಾರೆ.

ಗಂಟೆ ಲೆಕ್ಕ ಅಂದ್ರೆ ಎಂತ ಅಂತ ಮೊದಲು ಹೇಳ್ತೇನೆ. ಮೆಷಿನಿನ ಡ್ಯಾಶ್‌ಬೋರ್ಡಲ್ಲಿ ಅವರ್ ಮೀಟರ್ ಇರ್ತದೆ, ಕೊನೆಯ ಅಂಕಿ ದಶಾಂಶದ್ದು, ಅಂದ್ರೆ ಆರು ನಿಮಿಷಕ್ಕೆ ಒಂದು ಪಾಯಿಂಟ್. ಆ ಮೀಟರ್ ನೋಡೋದು ಎಂಜಿನ್ ಓಡ್ತಾ ಉಂಟಾ ಅಂತ ಮಾತ್ರ, ಬಕೆಟ್ ಮಣ್ಣಿಗೆ ಬಿತ್ತಾ ಇಲ್ವಾ ಅಂತ ಅದಕ್ಕೆ ಬೇಡ. ಆಪರೇಟರ್ ಫೋನಲ್ಲಿ ಮಾತಾಡ್ತಾ ಕೂತ್ರೂ ಎಂಜಿನ್ ಆನ್ ಇದ್ರೆ ನಿಮ್ಮ ಲೆಕ್ಕಕ್ಕೆ ಹೋಗ್ತದೆ, ನೀವು ಅಣ್ಣತಮ್ಮಂದಿರು ಚರ್ಚೆ ಮಾಡ್ತಿದ್ರೂ ನಿಮ್ಮ ಲೆಕ್ಕಕ್ಕೇ. ಶುರುವಿಗೆ ಒಂದು, ಮುಗಿದ ಮೇಲೆ ಒಂದು ಮೀಟರ್ ಫೋಟೋ ತೆಗೆದಿಟ್ಕೊಂಡ್ರೆ ಅರ್ಧ ಜಗಳ ಇಲ್ಲ. 4512.3ರಲ್ಲಿ ಶುರುವಾಗಿ 4518.8ಕ್ಕೆ ನಿಂತಿತು ಅಂದ್ರೆ ಆರೂವರೆ ಗಂಟೆ, ಸಾವಿರದ ಇನ್ನೂರರ ಹಾಗೆ 7,800 ರೂಪಾಯಿ. ಅದ್ರ ಮೇಲೆ ಡ್ರೈವರ್ ಬಾಟಾ ಯಾರದ್ದು, ಊಟ ಯಾರದ್ದು, ಮೆಷಿನ್ ಬರೋ ಹೋಗೋ ದಾರಿಯ ಸಮಯ ಸೇರ್ತದಾ, ಕನಿಷ್ಠ ಎಷ್ಟು ಗಂಟೆ ಅಂತ ಉಂಟಾ, ಕಲ್ಲು ಸಿಕ್ಕಿ ಬ್ರೇಕರ್ ಹಾಕಿದ್ರೆ ರೇಟ್ ಬೇರೆಯಾ, ಇದೆಲ್ಲ ಫೋನಲ್ಲೇ ಕೇಳಿ ಒಂದು ವಾಟ್ಸಾಪ್ ಮೆಸೇಜ್ ಮಾಡಿಸ್ಕೊಂಡ್ರೆ ಸಾಕು, ಸ್ಟಾಂಪ್ ಪೇಪರೇನೂ ಬೇಡ. ಅಂದ ಹಾಗೆ ಗಂಟೆಗೆ ಐವತ್ತು ಕಮ್ಮಿ ಮಾಡಿಸಿದ್ರಲ್ಲ, ಆರೂವರೆ ಗಂಟೆಗೆ ಉಳಿದದ್ದು 325 ರೂಪಾಯಿ. ಅದೇ ಧರೆ ಜರಿದು ಬಿದ್ದ ಮೇಲೆ ಕಟ್ಟಿಸೋ ತಡೆಗೋಡೆಗೆ ಲಕ್ಷದ ಲೆಕ್ಕ.

ರೇಟಲ್ಲಿ ಮೋಸ ಅನ್ನೋದು ನನ್ನ ಪ್ರಕಾರ ಸಣ್ಣ ವಿಷಯ. ದೊಡ್ಡ ವಿಷಯ ಅಂದ್ರೆ ಗಂಟೆ ಲೆಕ್ಕದಲ್ಲಿ ಕೆಲಸದ ಜವಾಬ್ದಾರಿ ಯಾರದ್ದೂ ಅಲ್ಲ. ಮೆಷಿನ್ ಮಾಲೀಕ ಬಾಡಿಗೆಗೆ ಕೊಟ್ಟವ ಅಷ್ಟೇ, ನೀವು ಹೇಳಿದಲ್ಲಿ ಅಗೆದಿದ್ದೇವೆ ಅಂತಾನೆ. ಆಪರೇಟರ್ ಸಂಬಳದವ, ಹೆಚ್ಚಿನವ್ರು ಉತ್ತರ ಕರ್ನಾಟಕದ್ದೋ ಜಾರ್ಖಂಡ್ ಒಡಿಶಾದ್ದೋ ಹುಡುಗರು, ನಾಳೆ ಇನ್ನೊಂದು ತಾಲ್ಲೂಕಲ್ಲಿರ್ತಾನೆ. ಮನೆಯವರಿಗೆ ಮಣ್ಣಿನ ವಿಷಯ ಗೊತ್ತಿಲ್ಲ. ಮೇಸ್ತ್ರಿ ಇನ್ನೂ ಬಂದಿರೋದೇ ಇಲ್ಲ, ಅವನು ಬರೋದು ಜಾಗ ಸಮತಟ್ಟಾದ ಮೇಲೆ. ಎಂಜಿನಿಯರ್ ಅಂತೂ ಪ್ಲಾನಿಗೆ ಸೀಲ್ ಹಾಕಿದ ಮೇಲೆ ಆ ದಾರಿಯಲ್ಲಿ ಹೋದದ್ದೇ ಇಲ್ಲ. ಹಾಗಾಗಿ ಇಡೀ ಮನೆ ಕೆಲಸದಲ್ಲಿ ತಿರುಗಿ ಸರಿ ಮಾಡೋಕೆ ಆಗದ ಒಂದೇ ಒಂದು ಕೆಲಸ, ಗುಡ್ಡೆ ಕಡಿಯೋದು, ಅದನ್ನ ನಾವು ಯಾರೂ ಹೊಣೆ ಇಲ್ಲದವರ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತು ನೋಡ್ತೇವೆ. ನೋಡೋದಕ್ಕೆ ನಮ್ಮಷ್ಟು ಜನ ಎಲ್ಲೂ ಇಲ್ಲ ಬಿಡಿ, 2019ರಲ್ಲಿ ಜೆಸಿಬಿ ಅಗೆಯೋದನ್ನ ನೋಡೋ ಜನ ಅಂತ ದೇಶ ಇಡೀ ತಮಾಷೆ ಮಾಡಿತ್ತಲ್ಲ.

ಈಗ ಮಣ್ಣು. ದಕ್ಷಿಣ ಕನ್ನಡ, ಉಡುಪಿ, ಆಚೆ ಕಾಸರಗೋಡಿನವರೆಗೂ ನಮ್ಮ ಗುಡ್ಡೆಗಳ ಮೇಲ್ಭಾಗ ಮುರಕಲ್ಲು, ಕೆಂಪು, ಗಟ್ಟಿ, ಅದನ್ನೇ ಕಡಿದು ಮನೆ ಕಟ್ಟೋದು. ಬಹಳ ಕಡೆ ಅದ್ರ ಕೆಳಗೆ ಹೋದ್ರೆ ಶೇಡಿ ಮಣ್ಣು ಸಿಗ್ತದೆ, ಬಿಳಿ, ಹಳದಿ, ಕೆಲವು ಕಡೆ ನಸು ಗುಲಾಬಿ ಬಣ್ಣ, ಮುಟ್ಟಿದ್ರೆ ಪೌಡರ್ ತರ ನುಣುಪು. ಈ ಶೇಡಿಯ ಗುಣ ಏನಂದ್ರೆ ಒಣಗಿದ್ದಾಗ ಕಲ್ಲಿನಷ್ಟೇ ಗಟ್ಟಿ, ನೆಟ್ಟಗೆ ಕಡಿದ್ರೂ ಏಪ್ರಿಲ್ ಇಡೀ ಅಲ್ಲಾಡದೆ ನಿಲ್ತದೆ, ನೀರು ಕುಡೀತು ಅಂದ್ರೆ ಶಕ್ತಿಯೆಲ್ಲ ಹೋಗಿ ಕುಸೀತದೆ, ಹರಿಯೋ ನೀರಿಗಂತೂ ಕೊಚ್ಚಿಕೊಂಡೇ ಹೋಗ್ತದೆ. ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯವರು ಈ ಮಣ್ಣಿನ ಮೇಲೆ ಎಷ್ಟೋ ಕಾಲದಿಂದ ಸಂಶೋಧನೆ ಮಾಡ್ತಾ ಇದ್ದಾರೆ, ಹೆಸರು ಕೂಡ ಶೇಡಿ ಅಂತಲೇ ಹಾಕ್ತಾರೆ. ಗುಡ್ಡೆ ಬುಡದಲ್ಲಿ ಹತ್ತು ಹನ್ನೆರಡು ಅಡಿ ಕಡಿದಾಗ ಆಗೋದು ಏನಂದ್ರೆ ಮೇಲೆ ಭಾರದ ಮುರಕಲ್ಲಿನ ಪದರ ಹಾಗೇ ನಿಂತಿರ್ತದೆ, ಅದಕ್ಕೆ ಆಧಾರವಾಗಿದ್ದ ಶೇಡಿಯ ಮುಖ ಬಯಲಾಗ್ತದೆ. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಗೆ ಬಂದು ನಿಲ್ತದೆ, ಜುಲೈಯಲ್ಲಿ ಒಂದು ದಿನ ಎಲ್ಲ ಒಟ್ಟಿಗೆ ಬರ್ತದೆ.

ಒಬ್ಬ ಆಪರೇಟರ್ ಹುಡುಗನ ಬಗ್ಗೆ ಹೇಳ್ಲೇಬೇಕು. ರಾಯಚೂರು ಕಡೆಯವ, ಇಪ್ಪತ್ತೈದರ ಒಳಗಿನ ಪ್ರಾಯ. ನಮ್ಮ ಸಂಬಂಧಿಕರ ಮನೆ ಹಿಂದೆ ಕಡೀತಾ ಇದ್ದ. ಮಣ್ಣಿನ ಬಣ್ಣ ಬದಲಾದ ಕೂಡ್ಲೇ ಬಕೆಟ್ ಎತ್ತಿ ನಿಲ್ಲಿಸಿ ಕೆಳಗಿಳಿದ, ಒಂದು ಹೆಂಟೆ ಕೈಗೆ ತಗೊಂಡು ಕಾಲಿಂದ ಒತ್ತಿದ, ಒಡೀಲಿಲ್ಲ. ಆಮೇಲೆ ಕ್ಯಾಬಿನ್‌ನಿಂದ ಕುಡಿಯೋ ನೀರಿನ ಬಾಟಲಿ ತಂದು ಅದ್ರ ಮೇಲೆ ಸ್ವಲ್ಪ ಹೊಯ್ದು ಎರಡು ನಿಮಿಷ ಬಿಟ್ಟು ಹಿಚುಕಿದ, ಬೆರಳ ಸಂದಿಯಿಂದ ಗಂಜಿ ತರ ಇಳೀತು. ಮನೆ ಯಜಮಾನ್ರಿಗೆ ಕೈ ತೋರಿಸಿ, "ಸಾಹೇಬ್ರ, ಇನ್ನ ಕೆಳಗ ಹೋಗೂದು ಬ್ಯಾಡ್ರಿ, ಮಳೆಗಾಲಕ್ಕ ಇದು ನಿಲ್ಲಂಗಿಲ್ಲ" ಅಂದ. ಅವ್ರು, ಇನ್ನು ನಾಲ್ಕು ಅಡಿ ಕಡಿದ್ರೆ ಕಾರು ತಿರುಗಿಸ್ಲಿಕ್ಕೆ ಆಗ್ತದೆ, ನೀನು ಕಡಿ ಅಂದ್ರು. ಹುಡುಗ ಮಾಲೀಕನಿಗೆ ಫೋನ್ ಮಾಡಿದ, ಮಾಲೀಕ ಅವ್ರು ಹೇಳಿದ ಹಾಗೆ ಮಾಡು ಅಂದಿರ್ಬೇಕು, ಕಡಿದ. ಆ ಧರೆ ಅದೇ ವರ್ಷ ಬಿತ್ತು, ಪುಣ್ಯಕ್ಕೆ ರಾತ್ರಿ ಹೊತ್ತು ಹಿತ್ತಿಲಲ್ಲಿ ಯಾರೂ ಇರ್ಲಿಲ್ಲ, ನೀರಿನ ಟ್ಯಾಂಕೂ ಬಚ್ಚಲಿನ ಗೋಡೆಯೂ ಹೋಯ್ತು. ಪೇಪರಲ್ಲಿ ಬಂದದ್ದು ಭಾರೀ ಮಳೆಗೆ ಅಂತಲೇ.

ಹಾಗಾಗಿ ಯಾರಾದ್ರೂ ನನ್ನ ಹತ್ರ ಒಳ್ಳೆ ಜೆಸಿಬಿಯವ್ರು ಯಾರಿದ್ದಾರೆ ಅಂತ ಕೇಳಿದ್ರೆ ನಾನು ಮೆಷಿನಿನ ಹೆಸರು ಹೇಳೋದಿಲ್ಲ, ಓಡಿಸೋವ ಯಾರು ಅಂತ ಕೇಳಿ ಅಂತೇನೆ. ಹೊಸ ಮೆಷಿನ್ ಹಳೇ ಮೆಷಿನ್ ಅಂತ ನೋಡೋದಕ್ಕಿಂತ ಆಪರೇಟರ್ ಈ ಕಡೆ ಎರಡು ಮಳೆಗಾಲ ಆದ್ರೂ ಕಂಡವನಾ ಅನ್ನೋದು ಮುಖ್ಯ. ಆಮೇಲೆ ಅವ್ರು ಮಾಡಿದ ಕೆಲಸ ನೋಡ್ಲಿಕ್ಕೆ ಹೋಗೋದಾದ್ರೆ ಕಳೆದ ತಿಂಗಳು ಮಾಡಿದ್ದನ್ನ ನೋಡ್ಬೇಡಿ, ಕಡಿದ ಮರುದಿನ ಎಲ್ಲ ಧರೆಯೂ ಚಂದವೇ. ಒಂದು ಮಳೆಗಾಲ ದಾಟಿದ ಜಾಗ ತೋರಿಸಿ ಅನ್ನಿ. ತೋರಿಸ್ಲಿಕ್ಕೆ ಒಂದೂ ಇಲ್ಲ ಅಂದ್ರೆ ಅದೂ ಒಂದು ಉತ್ತರವೇ. ಜಾಗಕ್ಕೆ ಬಂದು ನೋಡದೆ ಫೋನಲ್ಲೇ ಇಷ್ಟು ಗಂಟೆಯಲ್ಲಿ ಮುಗಿಸ್ತೇನೆ ಅನ್ನೋವರನ್ನ ಅಲ್ಲೇ ಬಿಡಿ. ಬಂದವನು ಮೇಲೆ ಗುಡ್ಡೆ ತುದಿಗೆ ಹತ್ತಿ ನೀರು ಎಲ್ಲಿಂದ ಬರ್ತದೆ ಅಂತ ನೋಡಿದ್ರೆ, ಅವನಿಗೆ ಗಂಟೆಗೆ ನೂರು ಜಾಸ್ತಿ ಕೊಟ್ರೂ ನಷ್ಟ ಇಲ್ಲ.

ಜೆಸಿಬಿ ರಸ್ತೆಯಲ್ಲಿ ಓಡೋ ವಾಹನ, ಆರ್‌ಸಿ ಇರ್ಬೇಕು, ಇನ್ಶೂರೆನ್ಸ್ ಚಾಲ್ತಿಯಲ್ಲಿರ್ಬೇಕು, ಓಡಿಸೋವನಿಗೆ ಲೈಸೆನ್ಸ್ ಬೇಕು. ಕೇಳಿದ್ರೆ ಮುಖ ಸಿಂಡರಿಸೋವ್ರು ಇದ್ದಾರೆ, ಆದ್ರೂ ಕೇಳಿ, ಏಳೂವರೆ ಟನ್ನಿನ ಹತ್ತಿರದ ಮೆಷಿನ್ ನಿಮ್ಮ ಮಕ್ಕಳು ಓಡಾಡೋ ಅಂಗಳಕ್ಕೆ ಬರೋದು. ಹಿಂದೆ ತಿರುಗೋವಾಗ ಆಪರೇಟರಿಗೆ ಒಂದು ಬದಿ ಕಾಣೋದೇ ಇಲ್ಲ. ಬೂಮ್ ಎತ್ತಿದ್ರೆ ಕರೆಂಟಿನ ಸರ್ವಿಸ್ ವಯರಿಗೆ ತಾಗೋ ಎತ್ತರ, ಮೇಲೆ ಲೈನ್ ಇದ್ರೆ ಮೆಸ್ಕಾಂನವರಿಗೆ ಮೊದಲೇ ಹೇಳಿ ಆಫ್ ಮಾಡಿಸ್ಕೊಳ್ಳಿ, ಸುಮ್ನೆ ನೋಡ್ಕೊಂಡು ಮಾಡ್ತೇನೆ ಅನ್ನೋ ಧೈರ್ಯ ಬೇಡ. ನೆಲದಡಿಯದ್ದು ಇನ್ನೊಂದು ಕಥೆ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಅಗೆಯೋ ಮುಂಚೆ ತಿಳಿಸಿ ಅಂತ ಒಂದು ಆ್ಯಪ್ ಬಿಟ್ಟಿತ್ತು, ಕೇಬಲ್ಲು ಪೈಪ್‌ಲೈನ್ ಇರೋ ಸಂಸ್ಥೆಗಳಿಗೆ ಮೊದಲೇ ಸುದ್ದಿ ಹೋಗೋ ಹಾಗೆ. ರಸ್ತೆ ಬದಿ ಅಗೆಯೋವರಿಗೆ ಅದು ಒಳ್ಳೇದು. ನಮ್ಮ ಹಳ್ಳಿ ಅಂಗಳದಲ್ಲಿ ತುಂಡಾಗೋದು ಮಾತ್ರ ಜಲಜೀವನ್ ಪೈಪು, ನಮ್ಮದೇ ಪಂಪಿನ ಕೇಬಲ್ಲು, ಬಿಎಸ್‌ಎನ್‌ಎಲ್ ಫೈಬರು, ಅರ್ಥಿಂಗಿನ ತಂತಿ. ಅದು ಎಲ್ಲಿ ಹೋಗಿದೆ ಅಂತ ಮನೆಯ ಹಿರಿಯರಿಗೋ ಪಂಚಾಯತಿನ ನೀರು ಬಿಡೋವರಿಗೋ ಮಾತ್ರ ಗೊತ್ತು, ಹಿಂದಿನ ದಿನ ಅವ್ರನ್ನ ಕರ್ಕೊಂಡು ಬಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿ.

ಕಡಿಯೋ ರೀತಿಯಲ್ಲಿ ಹೊಸ ವಿದ್ಯೆ ಎಂತದ್ದೂ ಇಲ್ಲ. ಜಾಗ ಇದ್ರೆ ನೆಟ್ಟಗೆ ಕಡೀಬೇಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಪ್ರತಿ ಮೆಟ್ಟಿಲು ಒಳಗಡೆಗೆ ಸ್ವಲ್ಪ ವಾಲಿರ್ಲಿ, ನೀರು ಬದಿಯ ಕಣಿಗೆ, ಅಂದ್ರೆ ಚರಂಡಿಗೆ, ಹೋಗ್ಲಿ. ಧರೆಯ ತುದಿಗಿಂತ ಮೇಲೆ, ಸ್ವಲ್ಪ ದೂರದಲ್ಲಿ ಒಂದು ಕಣಿ ತೆಗೆದು ಗುಡ್ಡೆ ನೀರನ್ನ ಅಲ್ಲೇ ಹಿಡಿದು ಪಕ್ಕಕ್ಕೆ ಕಳಿಸ್ಬೇಕು, ಈ ಒಂದು ಕೆಲಸಕ್ಕೆ ಹೆಚ್ಚಂದ್ರೆ ಎರಡು ಮೂರು ಗಂಟೆ ಮೆಷಿನ್ ಸಾಕು, ಆದ್ರೆ ಯಾರೂ ಮಾಡಿಸೋದಿಲ್ಲ, ಅಂಗಳದಿಂದ ಅದು ಕಾಣೋದಿಲ್ಲ ನೋಡಿ. ತಡೆಗೋಡೆ ಕಟ್ಟೋದಾದ್ರೆ ಹಿಂದುಗಡೆ ಜಲ್ಲಿ ತುಂಬಿಸಿ, ಗೋಡೆಯಲ್ಲಿ ನೀರು ಹೊರಗೆ ಬರೋಕೆ ಪೈಪ್ ತುಂಡು ಇಡ್ಲೇಬೇಕು. ಚಂದ ಕಾಣೋದಿಲ್ಲ ಅಂತ ಪೈಪಿನ ಬಾಯಿಗೆ ಸಿಮೆಂಟ್ ಮೆತ್ತಿ ಪೈಂಟ್ ಹೊಡೆದವರನ್ನ ನಾನು ಕಂಡಿದ್ದೇನೆ. ಗೋಡೆ ಹಿಂದೆ ನೀರು ನಿಂತ್ರೆ ಮಣ್ಣಿನ ಭಾರದ ಮೇಲೆ ನೀರಿನ ಒತ್ತಡವೂ ಸೇರ್ತದೆ, ಎಂತ ದಪ್ಪದ ಗೋಡೆಯಾದ್ರೂ ಎಷ್ಟು ದಿನ ತಡ್ಕೊಳ್ಬೇಕು? 2024ರ ಜೂನ್ ಕೊನೆಯಲ್ಲಿ ಉಳ್ಳಾಲದ ಕುತ್ತಾರು ಮದನಿನಗರದಲ್ಲಿ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಬಿದ್ದು ಒಂದೇ ಮನೆಯ ನಾಲ್ಕು ಜನ ಹೋದ್ರು, ಗಂಡ ಹೆಂಡತಿ ಎರಡು ಹೆಣ್ಣುಮಕ್ಕಳು. ಆ ಗೋಡೆಯ ಕಥೆ ಏನು ಅಂತ ತೀರ್ಮಾನ ಕೊಡೋಕೆ ನಾನು ಯಾರೂ ಅಲ್ಲ. ಆದ್ರೆ ಅಂಥ ಗೋಡೆಗಳ ಕೆಳಗೆ ಮಲಗೋ ಮನೆಗಳು ನಮ್ಮ ಜಿಲ್ಲೆಯಲ್ಲಿ ಊರಿಗೆ ಹತ್ತು ಉಂಟು.

ಕಡಿದದ್ದು ಒಂದು ಬದಿ ಆಯ್ತು, ಆ ಮಣ್ಣನ್ನ ಹಾಕಿದ್ದು ಇನ್ನೊಂದು ಬದಿ. ಇಳಿಜಾರು ಜಾಗದಲ್ಲಿ ಎಲ್ಲರೂ ಮಾಡೋದು ಮೇಲಿನ ಅರ್ಧ ಕಡಿದು ಕೆಳಗಿನ ಅರ್ಧಕ್ಕೆ ತುಂಬಿಸಿ ಸಮತಟ್ಟು ಮಾಡೋದು, ಖರ್ಚು ಕಮ್ಮಿ. ತುಂಬಿಸಿದ ಮೇಲೆ ಜೆಸಿಬಿ ನಾಲ್ಕು ಸಲ ಮುಂದೆ ಹಿಂದೆ ಹೋದ್ರೆ ಮಣ್ಣು ಕೂತಿತು ಅಂತ ನಂಬಿಕೆ. ಮೇಲಿನ ಅರ್ಧ ಅಡಿ ಕೂತಿರ್ತದೆ ಅಷ್ಟೇ, ಕೆಳಗೆ ಐದು ಅಡಿ ಸಡಿಲ. ಸರಿಯಾದ ಕ್ರಮ ಆರರಿಂದ ಎಂಟು ಇಂಚಿನ ಪದರ ಹಾಕೋದು, ನೀರು ಹೊಡೆಯೋದು, ರೋಲರೋ ರ‍್ಯಾಮರೋ ಹಾಕಿ ಗಟ್ಟಿ ಮಾಡೋದು, ಮತ್ತೆ ಇನ್ನೊಂದು ಪದರ. ಮನೆಯ ಅರ್ಧ ಪಂಚಾಂಗ ಕಡಿದ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿಸಿದ ಮಣ್ಣಿನ ಮೇಲೆ ಬಂದ್ರೆ ಎರಡನೇ ವರ್ಷಕ್ಕೆ ನಡುಮನೆಯ ಗೋಡೆ ಬಿರುಕು ಬಿಡ್ತದೆ, ಆಗ ಬೈಸಿಕೊಳ್ಳೋದು ಮೇಸ್ತ್ರಿ.

ಮಣ್ಣಿನ ಲೆಕ್ಕದಲ್ಲೂ ಜನ ಟೋಪಿ ಹಾಕಿದ್ರು ಅಂತ ಜಗಳ ಮಾಡ್ತಾರೆ, ಎಷ್ಟೋ ಸಲ ಟೋಪಿ ಹಾಕಿರೋದಿಲ್ಲ. ಮೂವತ್ತು ನಲ್ವತ್ತರ ಜಾಗದಲ್ಲಿ ಮೂರು ಅಡಿ ಕಡಿದ್ರೆ 3,600 ಘನ ಅಡಿ, ಅಂದ್ರೆ 36 ಯೂನಿಟ್. ಆದ್ರೆ ಅಗೆದ ಮಣ್ಣು ಸಡಿಲ ಆಗಿ ಉಬ್ಬಿ ಕಾಲು ಭಾಗದಷ್ಟು ಹೆಚ್ಚಾಗ್ತದೆ, ಟಿಪ್ಪರಿಗೆ ಹಾಕೋವಾಗ ಅದು 45 ಯೂನಿಟ್ ಆಗಿರ್ತದೆ. ಲೋಡ್ ಲೆಕ್ಕ ಮಾತಾಡೋವಾಗಲೇ ಇದನ್ನ ಗಮನದಲ್ಲಿಟ್ರೆ ಆಮೇಲೆ ಟಿಪ್ಪರ್‌ನವನ ಕಾಲರ್ ಹಿಡಿಯೋ ಅಗತ್ಯ ಬರೋದಿಲ್ಲ. ಆಮೇಲೆ ಆ ಮಣ್ಣು ಎಲ್ಲಿಗೆ ಹೋಗ್ತದೆ ಅಂತ ಕೇಳಿ. ಹೊರಗೆ ಸಾಗಿಸೋದಕ್ಕೆ, ಅದ್ರಲ್ಲೂ ಮುರಕಲ್ಲು ಇದ್ರೆ, ಗಣಿ ಇಲಾಖೆಯ ಪರ್ಮಿಟ್ ವಿಷಯ ಬರ್ತದೆ, ರಸ್ತೆಯಲ್ಲಿ ಗಾಡಿ ಹಿಡಿದ್ರೆ ನಿಮ್ಮ ಜಾಗದ್ದು ಅಂತ ನಿಮ್ಮ ಹೆಸರೇ ಮೊದಲು ಹೇಳೋದು. ಹತ್ತಿರದ ತೋಡಿಗೋ ಗದ್ದೆ ಬದಿಗೋ ಸುರಿದು ಹೋದ್ರೆ ಮಳೆಗಾಲದಲ್ಲಿ ನೀರು ಬಂದು ತುಂಬೋದು ಕೆಳಗಿನವರ ತೋಟಕ್ಕೆ. ಮತ್ತೊಂದು ಸಣ್ಣ ವಿಷಯ, ಮೇಲಿನ ಒಂದು ಅಡಿ ಕಪ್ಪು ಮಣ್ಣನ್ನ ಬೇರೆಯೇ ರಾಶಿ ಹಾಕಿಸಿಡಿ. ಎಲ್ಲ ಮಗುಚಿ ಅಡಿಗೆ ಹಾಕಿ ಮೇಲೆ ಶೇಡಿ ಹರಡಿದ್ರೆ ಆ ಅಂಗಳದಲ್ಲಿ ದಾಸವಾಳವೂ ಬರೋದಿಲ್ಲ, ಮತ್ತೆ ದುಡ್ಡು ಕೊಟ್ಟು ಮಣ್ಣು ತರಿಸ್ತಾರೆ.

ನೆರೆಯವರ ವಿಷಯದಲ್ಲಿ ನಮ್ಮ ಜಾಗ ನಾವು ಎಷ್ಟಾದ್ರೂ ಕಡೀತೇವೆ ಅನ್ನೋ ಮಾತು ಬಹಳ ಕೇಳ್ತೇನೆ. ಹಾಗಿಲ್ಲ. ಪಕ್ಕದ ಜಾಗಕ್ಕೆ ನಮ್ಮ ಮಣ್ಣು ಸಹಜವಾಗಿ ಕೊಡ್ತಾ ಇದ್ದ ಆಧಾರವನ್ನ ತೆಗೆಯೋ ಹಾಗಿಲ್ಲ ಅನ್ನೋದು 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನಲ್ಲೇ ಉಂಟು, ಬ್ರಿಟಿಷರ ಕಾಲದ ಕಾನೂನು, ಈಗಲೂ ನಡೀತದೆ. ಗಡಿಕಲ್ಲಿನ ಬುಡದವರೆಗೆ ನೆಟ್ಟಗೆ ಕಡಿದು ಮೇಲಿನವರ ತೆಂಗಿನಮರ ಜಾರಿ ಬಂದ್ರೆ ಮಳೆ ಅಂತ ಹೇಳಿ ತಪ್ಪಿಸ್ಕೊಳ್ಳೋಕೆ ಆಗೋದಿಲ್ಲ. ಹಾಗೆಯೇ ದುಡ್ಡು ಕೊಟ್ಟು ಮಾಡಿಸಿದ ಕೆಲಸ ಹಾಳಾದ್ರೆ ಗ್ರಾಹಕರ ಆಯೋಗಕ್ಕೆ ಹೋಗೋ ದಾರಿ ಉಂಟು, ಆದ್ರೆ ಅಲ್ಲಿ ಬಿಲ್ಲು ರಶೀದಿ ಮೆಸೇಜು ಕೇಳ್ತಾರೆ, ನಮ್ಮಲ್ಲಿ ಎಲ್ಲ ಬಾಯಿಮಾತು, ಕ್ಯಾಶ್.

ಗುಂಡಿಯ ಬಗ್ಗೆ ಎರಡು ಮಾತು. ಶೌಚಾಲಯದ ಪಿಟ್ಟು, ನೀರಿನ ಸಂಪು ಇದಕ್ಕೆಲ್ಲ ಮೆಷಿನ್ ಹದಿನೈದು ಅಡಿವರೆಗೂ ಆರಾಮವಾಗಿ ಇಳೀತದೆ, ಆಮೇಲೆ ಬದಿ ಸಮ ಮಾಡೋಕೆ, ರಿಂಗ್ ಇಳಿಸೋಕೆ ಕೆಳಗೆ ಇಳಿಯೋದು ಮನುಷ್ಯರು. ಒಂದೂವರೆ ಮೀಟರಿಗಿಂತ ಆಳದ ಚರಂಡಿ ಗುಂಡಿಗೆ ಬದಿ ಆಧಾರ ಕೊಡ್ಬೇಕು, ಇಲ್ಲ ಇಳಿಜಾರು ಮಾಡ್ಬೇಕು, ತೆಗೆದ ಮಣ್ಣನ್ನ ಅಂಚಿನಿಂದ ದೂರ ಹಾಕ್ಬೇಕು ಅಂತ ಭಾರತೀಯ ಮಾನಕ ಬ್ಯೂರೋದ ಸುರಕ್ಷಾ ನಿಯಮವೇ ಉಂಟು. ಒಂದೂವರೆ ಮೀಟರ್ ಅಂದ್ರೆ ಹೆಚ್ಚು ಕಮ್ಮಿ ಐದು ಅಡಿ, ನಿಮ್ಮ ಗಲ್ಲದ ಮಟ್ಟ, ಅಷ್ಟಕ್ಕೇ ಎಂತ ಆಗ್ತದೆ ಅನಿಸ್ಬಹುದು. ಎದೆವರೆಗೆ ಮಣ್ಣು ಬಿದ್ರೆ ಉಸಿರು ತೆಗೆಯೋಕೇ ಆಗೋದಿಲ್ಲ. 2024ರ ಜುಲೈಯಲ್ಲಿ ಮಂಗಳೂರಿನ ಬಲ್ಮಠದ ಹತ್ತಿರ ಕಟ್ಟಡ ಕೆಲಸದ ಜಾಗದಲ್ಲಿ ಇಬ್ಬರು ಕಾರ್ಮಿಕರ ಮೇಲೆ ಮಣ್ಣು ಕುಸಿದಿತ್ತು, ಒಬ್ಬರನ್ನ ಜೀವಂತ ಹೊರಗೆ ತೆಗೆದ್ರು, ಇನ್ನೊಬ್ಬರು ಉಳೀಲಿಲ್ಲ, ಎಲ್ಲಿಂದಲೋ ದುಡೀಲಿಕ್ಕೆ ಬಂದ ಹುಡುಗರು. ದೊಡ್ಡ ಕಟ್ಟಡಕ್ಕೆ ಆದ್ರೂ ರಕ್ಷಣಾ ತಂಡ ಬರ್ತದೆ, ನಮ್ಮ ಹಿತ್ತಿಲ ಗುಂಡಿಗೆ ಬರೋ ಹೊತ್ತಿಗೆ ಎಲ್ಲ ಮುಗಿದಿರ್ತದೆ.

ಮೆಷಿನ್‌ನವರನ್ನ ಮಾತ್ರ ಬೈಯೋದು ನ್ಯಾಯ ಅಲ್ಲ, ಅವ್ರ ಕಷ್ಟವೂ ಗೊತ್ತುಂಟು. ಗಂಟೆಗೆ ಐದಾರು ಲೀಟರ್ ಡೀಸೆಲ್, ಬ್ಯಾಂಕಿನ ಕಂತು, ಬಕೆಟಿನ ಹಲ್ಲು ಸವೆದ್ರೆ ಅದೊಂದು, ಮಳೆಗಾಲ ನಾಲ್ಕು ತಿಂಗಳು ಕೆಲಸ ಇಲ್ಲ. ಕೆಲಸ ಮುಗಿಸ್ಕೊಂಡು ಅಡಿಕೆ ಮಾರಿದ ಮೇಲೆ ಕೊಡ್ತೇನೆ ಅಂತ ವರ್ಷಗಟ್ಟಲೆ ಸತಾಯಿಸೋ ಧಣಿಗಳು ನಮ್ಮಲ್ಲಿ ಕಮ್ಮಿ ಇಲ್ಲ. ಹಾಗಾಗಿ ಅವ್ರೂ ಬೇಗ ಕಡಿದು ಬೇಗ ದುಡ್ಡು ತಗೊಂಡು ಹೋಗೋದನ್ನೇ ನೋಡ್ತಾರೆ. ನಾನು ಹೇಳೋದು ಗಂಟೆ ಲೆಕ್ಕ ಬಿಡಿ, ಕೆಲಸದ ಲೆಕ್ಕಕ್ಕೆ ಮಾತಾಡಿ. ಇಷ್ಟು ಉದ್ದ, ಇಷ್ಟು ಎತ್ತರ, ಇಷ್ಟು ಮೆಟ್ಟಿಲು, ಮೇಲಿನ ಕಣಿ ಸೇರಿಸಿ, ಮಣ್ಣು ಇಂಥಾ ಕಡೆ ಹಾಕಿ, ಒಟ್ಟು ಇಷ್ಟು ದುಡ್ಡು. ಮುಕ್ಕಾಲು ಪಾಲು ಅವತ್ತೇ ಕೊಡಿ, ಸಾಲ ಹೇಳ್ಬೇಡಿ, ಉಳಿದ ಕಾಲು ಪಾಲು ಮೊದಲ ದೊಡ್ಡ ಮಳೆ ಕಳೆದು ಕಣಿ ಮತ್ತೆ ಒಮ್ಮೆ ಸರಿ ಮಾಡಿಕೊಟ್ಟ ಮೇಲೆ. ಈ ಕರಾರಿಗೆ ಒಪ್ಪೋವ್ರು ನಮ್ಮ ತಾಲ್ಲೂಕಲ್ಲೇ ಇದ್ದಾರೆ, ನಾನು ಕೆಲಸ ಮಾಡಿಸಿದ್ದೇನೆ. ಹೊಸದಾಗಿ ಮೆಷಿನ್ ತಗೊಂಡವ್ರಿಗಿಂತ ಹಳಬರೇ ಬೇಗ ಒಪ್ತಾರೆ.

ಇನ್ನು ಐದು ಸೆಂಟ್ಸ್ ಸೈಟಿನವರ ಪಾಡು ಬೇರೆ. ಸರ್ಕಾರ ಕೊಟ್ಟದ್ದೇ ಗುಡ್ಡೆ ನೆತ್ತಿಯಲ್ಲಿ, ಮೆಟ್ಟಿಲು ಮಾಡಿ ಕಡೀತಾ ಹೋದ್ರೆ ಮನೆಗೆ ಜಾಗವೇ ಉಳಿಯೋದಿಲ್ಲ. ಅವರಿಗೆ ನೆಟ್ಟಗೆ ಕಡಿಯದೆ ಗತಿಯಿಲ್ಲ, ತಡೆಗೋಡೆಗೆ ದುಡ್ಡಿಲ್ಲ. ಇವರಿಗೆ ಬುದ್ಧಿ ಹೇಳೋ ಬದಲು ಸೈಟ್ ಹಂಚೋ ಮುಂಚೆಯೇ ಗುಡ್ಡೆಯನ್ನ ಒಟ್ಟಿಗೆ ಮೆಟ್ಟಿಲು ಮಾಡಿ, ಮೇಲಿನ ಕಣಿ ಮಾಡಿ ಕೊಡೋದು ಸರ್ಕಾರದ ಕೆಲಸ. ಒಬ್ಬೊಬ್ಬರೇ ಕಡಿಸೋದಕ್ಕಿಂತ ಅಗ್ಗವೂ ಹೌದು.

ಪಂಚಾಯತಿಯಲ್ಲಿ ಮನೆ ಲೈಸೆನ್ಸಿಗೆ ಹೋದ್ರೆ ಕನ್ವರ್ಶನ್ ಆಯ್ತಾ, ನೈನ್ ಇಲೆವೆನ್ ಅನ್ನೋ ಜಾಗದ ಖಾತೆ ಪತ್ರ ಉಂಟಾ, ರಸ್ತೆಯಿಂದ ಎಷ್ಟು ಅಡಿ ಬಿಟ್ಟಿದ್ದೀರಿ ಅಂತೆಲ್ಲ ಕೇಳ್ತಾರೆ. ಹಿಂದಿನ ಧರೆ ಎಷ್ಟು ಎತ್ತರ, ಅದ್ರಿಂದ ಮನೆ ಎಷ್ಟು ದೂರ ಅಂತ ಒಂದು ಸಾಲು ಕೇಳಿದ್ರೆ ಯಾರಿಗೆ ನಷ್ಟ? 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡೆ ಕುಸಿದು ಅಷ್ಟು ದೊಡ್ಡ ಅನಾಹುತ ಆದ ಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ಇಳಿಜಾರನ್ನ ಮನುಷ್ಯರು ಬೇಕಾಬಿಟ್ಟಿ ಕಡಿದದ್ದೇ ದೊಡ್ಡ ಕಾರಣ ಅಂದ್ರು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆ ಅಂತ ಕಡಿದ ಗುಡ್ಡೆ ಜರಿದು ಬಂದದ್ದು ಎಲ್ಲರೂ ನೋಡಿದ್ದಾರೆ. ಕೊಡಗಿನಲ್ಲಿ ಜಿಲ್ಲಾಡಳಿತ ಮಳೆಗಾಲದಲ್ಲಿ ಮಣ್ಣು ಅಗೆಯೋದಕ್ಕೆ ನಿರ್ಬಂಧ ಹಾಕಿದ್ದುಂಟು, ಒಳ್ಳೇದೇ, ಆದ್ರೆ ಜೂನಲ್ಲಿ ಮೆಷಿನ್ ನಿಲ್ಲಿಸಿದ್ರೆ ಮಾರ್ಚಲ್ಲಿ ಕಡಿದಿಟ್ಟದ್ದು ನಿಲ್ತದಾ? ಕೇಳ್ಬೇಕಾದ್ದು ಬೇಸಿಗೆಯಲ್ಲಿ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ಜೂನಿನಲ್ಲಿ ನಿಮ್ಮ ವರದಿಗಾರರು ಧರೆ ಕುಸಿದ ಮನೆಗೆ ಹೋದಾಗ ನಷ್ಟ ಎಷ್ಟು, ತಹಶೀಲ್ದಾರ್ರು ಬಂದ್ರಾ ಅಂತ ಕೇಳಿದ ಮೇಲೆ ಇನ್ನು ಮೂರು ವಿಷಯ ಕೇಳಿ ಬರೀಲಿ. ಕಡಿಸಿದ್ದು ಯಾವ ತಿಂಗಳು, ಎಷ್ಟು ಅಡಿ, ಮೇಲೆ ಕಣಿ ಇತ್ತಾ. ಮನೆಯವರ ಹೆಸರು ಹಾಕಿ ಮಾನ ಕಳೀಬೇಕಂತ ಇಲ್ಲ, ಅವರಾಗಲೇ ಸೋತಿರ್ತಾರೆ. ಊರಿನ ಹೆಸರು, ಎತ್ತರ, ತಿಂಗಳು ಸಾಕು. ಮತ್ತೆ ಜನವರಿ ಫೆಬ್ರವರಿಯಲ್ಲಿ, ಅಂದ್ರೆ ಎಲ್ಲರೂ ಜೆಸಿಬಿಯವರ ನಂಬರ್ ಹುಡುಕೋ ಹೊತ್ತಿಗೆ, ಭೂವಿಜ್ಞಾನ ಗೊತ್ತಿದ್ದ ಯಾರಿಂದಾದ್ರೂ ನಮ್ಮ ಕಡೆಯ ಮಣ್ಣಿನ ಬಗ್ಗೆ ಅರ್ಧ ಪುಟ ಬರೆಸಿ ಹಾಕಿ, ಶೇಡಿ ಮಣ್ಣಿನ ಬಣ್ಣದ ಫೋಟೋ ಇರ್ಲಿ, ಕಪ್ಪು ಬಿಳುಪಿನಲ್ಲಿ ಹಾಕಿದ್ರೆ ಯಾರಿಗೂ ಗುರುತು ಸಿಗೋದಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ
ಬೆಳ್ತಂಗಡಿ ತಾಲ್ಲೂಕು